ಎಣ್ಣೆ ನಗರದ ಅಳಿಯ

ನಮ್ಮ ಕಾರು ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಒಂದು ಸದ್ದು ಮಾಡುತ್ತಿತ್ತು. ಸ್ಟೀಲ್ ಡಬ್ಬಿಯೊಳಗೆ ಚಮಚ ಬಿದ್ದು ಹೊರಳಾಡಿದಂಥ ಸದ್ದು. ‘ಬೆಳಗ್ಗೆ ಮುಖ ತೊಳೆಯುವಾಗ ನೀವು ಕ್ಯಾಕರಿಸ್ತೀರಲ್ಲ, ಥೇಟ್ ಹಂಗೇ’ ಎಂದು ಹೆಂಡತಿ ರೋಗಲಕ್ಷಣವನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದಳು.

2004ರ ಮಾರುತಿ 800. ನಾಲ್ಕೇ ಗೇರು. ಹದಿನೈದು ತುಂಬಿದ ಮೇಲೆ ಆರ್‌ಟಿಒ ಕಚೇರಿಗೆ ಹೋಗಿ ಇನ್ನೈದು ವರ್ಷದ ಆಯಸ್ಸು ಬರೆಸಿಕೊಂಡು ಬಂದ ಗಟ್ಟಿ ಜೀವ. ಎಂಜಿನ್ ಆಯಿಲನ್ನು ವರ್ಷ ವರ್ಷ ಬದಲಾಯಿಸುತ್ತಿದ್ದೆ. ಗೇರ್ ಬಾಕ್ಸಿಗೆ ಬೇರೆಯದೇ ಎಣ್ಣೆ ಇದೆ, ಅದಕ್ಕೂ ಮುಪ್ಪು ಬರುತ್ತದೆ ಅನ್ನುವುದು ಮಾತ್ರ ನನಗೆ ಹೊಳೆದಿರಲೇ ಇಲ್ಲ. ಹೀಗೆ ಹೇಳುತ್ತಿರುವವನು ಚಳ್ಳಕೆರೆಯವನು ಎಂಬುದನ್ನು ಗಮನಿಸಬೇಕು. ಶೇಂಗಾ ಎಣ್ಣೆ ಮಿಲ್ಲುಗಳ ದೆಸೆಯಿಂದ ‘ಎಣ್ಣೆ ನಗರ’ ಅನ್ನಿಸಿಕೊಂಡ ಊರು ನಮ್ಮದು. ಎಣ್ಣೆ ವ್ಯಾಪಾರದಲ್ಲಿ ಮುಂಬಯಿ ಬಿಟ್ಟರೆ ನಾವೇ ಎಂದು ಹಿರಿಯರು ಈಗಲೂ ಎದೆಯುಬ್ಬಿಸುತ್ತಾರೆ. ನಾನು ಬೆಳೆದ ಬೀದಿಯಲ್ಲಿ ಸುಗ್ಗಿಯ ಕಾಲಕ್ಕೆ ಗಾಳಿಗೇ ಒಗ್ಗರಣೆ ಹಾಕಬಹುದಿತ್ತು.

ಇನ್ನೊಂದು ನಾಚಿಕೆಯ ಸಂಗತಿಯೂ ಇದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ‘ಘರ್ಷಣೆ ಕಡಿಮೆ ಮಾಡಲು ಯಂತ್ರಗಳಿಗೆ ಕೀಲೆಣ್ಣೆ ಬಳಸುತ್ತಾರೆ’ ಎಂದು ಇಪ್ಪತ್ತೆರಡು ವರ್ಷದಿಂದ ಕರಿಹಲಗೆಯ ಮೇಲೆ ಬರೆಯುತ್ತಿದ್ದೇನೆ. ಎರಡು ಅಂಕದ ಪ್ರಶ್ನೆ ಅದು.

ಮೆಕ್ಯಾನಿಕ್ಕು ಕೂಲಿ ಮುನ್ನೂರು ಅಂದ. ಒಂದು ನಟ್ಟು ಬಿಚ್ಚಿ ಹಳೇ ಎಣ್ಣೆ ಇಳಿಸಿ ಹೊಸದು ತುಂಬಲಿಕ್ಕೆ ಮುನ್ನೂರು! ಪಿಪೆಟ್ಟು, ಬ್ಯೂರೆಟ್ಟು ಹಿಡಿದು ಹನಿ ಹನಿ ಎಣಿಸಿದ ಕೈ ಇದು. ‘ನಾನೇ ಮಾಡ್ತೀನಿ’ ಅಂದೆ. ಹೆಂಡತಿ ಏನೂ ಹೇಳದೆ ಬಸ್ಸಿನ ವೇಳಾಪಟ್ಟಿ ವಿಚಾರಿಸತೊಡಗಿದಳು.

ಬಸ್ಸಿನ ಮಾತು ಬಂದದ್ದು ಮೊಳಕಾಲ್ಮುರಿನ ಕಾರಣಕ್ಕೆ. ಅದು ಅವಳ ತೌರು. ಮೇ ತಿಂಗಳಲ್ಲಿ ನಾದಿನಿಯ ಮಗಳ ಮದುವೆ. ಮೊಮ್ಮಗಳ ಧಾರೆ ಸೀರೆಯನ್ನು ನಮ್ಮ ಮಾವನೇ ನೇಯ್ದಿದ್ದರು. ‘ಮಗ್ಗದಿಂದ ಇಳಿಸಿದೀನಿ. ಭಾನುವಾರ ಊಟದ ಹೊತ್ತಿಗೆ ಬಂದು ಒಯ್ಯಿರಿ. ಎಲೆಕ್ಷನ್ ಟೈಮು ಅಳಿಯಂದ್ರೆ, ಐವತ್ತು ಸಾವಿರಕ್ಕಿಂತ ಜಾಸ್ತಿ ಕ್ಯಾಶ್ ಇಟ್ಕೊಂಡು ಬರಬೇಡಿ, ಚೆಕ್‌ಪೋಸ್ಟಲ್ಲಿ ಹಿಡೀತಾರೆ’ ಎಂದು ಫೋನಿನಲ್ಲಿ ಎಚ್ಚರಿಸಿದರು. ಮೇಷ್ಟ್ರ ಜೇಬಿನ ಬಗ್ಗೆ ಒಬ್ಬರಾದರೂ ಇಷ್ಟು ಗೌರವ ಇಟ್ಟುಕೊಂಡಿದ್ದಾರಲ್ಲ ಎಂದು ನನ್ನ ಕಣ್ಣು ಒದ್ದೆಯಾಯಿತು.

ಆ ಭಾನುವಾರ 2023ರ ಏಪ್ರಿಲ್ 2. ತಾರೀಖು ನೆನಪಿರುವುದಕ್ಕೆ ಕಾರಣ ಬೇರೆಯೇ ಇದೆ, ಬರುತ್ತೇನೆ.

ಹಿಂದಿನ ದಿನವೇ ಬಳ್ಳಾರಿ ರಸ್ತೆಯ ಒಂದು ಅಂಗಡಿಯಲ್ಲಿ ಎಣ್ಣೆ ಕೊಂಡಿದ್ದೆ. ಡಬ್ಬಿಗಳಲ್ಲಿ ಎರಡು ಜಾತಿ: ಜಿಎಲ್-4, ಜಿಎಲ್-5. ನಾಲ್ಕಕ್ಕಿಂತ ಐದು ದೊಡ್ಡದು. ಒಂದನೇ ತರಗತಿಯ ಮಗುವೂ ಹೇಳುತ್ತದೆ. ಐದನ್ನೇ ತಂದೆ. ಕಾರಿನ ಕೈಪಿಡಿಯನ್ನು ತೆಗೆದು ನೋಡಬಹುದಿತ್ತು. ‘ಪ್ರಶ್ನೆ ಪೂರ್ತಿ ಓದಿ ಆಮೇಲೆ ಉತ್ತರ ಬರೀರೋ’ ಎಂದು ಮಕ್ಕಳಿಗೆ ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡವನು ನಾನು, ಸ್ವಂತಕ್ಕೆ ಅಂಥ ದುರಭ್ಯಾಸ ಇಟ್ಟುಕೊಂಡಿಲ್ಲ.

ಬೆಳಗ್ಗೆ ಆರೂವರೆಗೆ ಕಾರನ್ನು ನಾಲ್ಕೈದು ಕಿಲೋಮೀಟರ್ ಓಡಿಸಿ ಬಂದೆ. ಎಣ್ಣೆ ಬೆಚ್ಚಗಾದರೆ ತೆಳ್ಳಗೆ ಇಳಿಯುತ್ತದೆ, ತಳದ ಕೊಳೆಯನ್ನೂ ಎಳೆದುಕೊಂಡು ಬರುತ್ತದೆ. ಆ ಇಡೀ ದಿನದಲ್ಲಿ ನಾನು ತಿಳಿದು ಮಾಡಿದ ಸರಿಯಾದ ಕೆಲಸ ಇದೊಂದೇ. ಕಾರಿನಡಿ ತೂರಲು ಗ್ಯಾರೇಜಿನವರಿಗೆ ಗುಂಡಿ ಇರುತ್ತದೆ, ನನಗೆ ಮನೆ ಮುಂದಿನ ಚರಂಡಿ ಇತ್ತು. ಅದರ ಎರಡೂ ದಡಕ್ಕೆ ಗಾಲಿ ಬರುವಂತೆ ಕಾರು ನಿಲ್ಲಿಸಿದೆ. ಬೇರೆ ಊರಿನವರು ಹೇಸಬೇಕಿಲ್ಲ. ಮಳೆ ನಮ್ಮ ತಾಲ್ಲೂಕಿಗೆ ಬರುವುದು ನೆಂಟರ ಹಾಗೆ, ಮುಖ ತೋರಿಸಿ ಹೋಗಲಿಕ್ಕೆ. ಏಪ್ರಿಲ್ಲಿನಲ್ಲಿ ಚರಂಡಿ ನಮ್ಮ ಹಾಲಿಗಿಂತ ಒಣಗಿರುತ್ತದೆ. ಅದರ ಮೇಲೆ ಕಂಬಳಿ ಹಾಸಿದೆ. ಚಳ್ಳಕೆರೆಯ ಕರೀ ಕಂಬಳಿ, ಅಪ್ಪನ ಕಾಲದ್ದು, ಅತ್ತೆ ಸೊಸೆ ಇಬ್ಬರೂ ಜಗಳವಿಲ್ಲದೆ ಒಪ್ಪಿಕೊಂಡಿದ್ದ ಏಕೈಕ ವಸ್ತು. ಎಣ್ಣೆ ಹಿಡಿಯಲು ಒಬ್ಬಟ್ಟಿನ ಕಣಕ ಕಲಸುವ ಅಗಲ ಬೇಸಿನ್ನು ತಂದೆ. ಯುಗಾದಿ ಮಾರ್ಚ್ 22ಕ್ಕೇ ಮುಗಿದಿದೆ, ಇನ್ನೊಂದು ವರ್ಷ ಅದಕ್ಕೇನು ಕೆಲಸ?

ಕೆಳಗಿನ ನಟ್ಟಿಗೆ ಪಾನಾ ಹಾಕಿ ತಿರುಗಿಸಿದೆ. ಸಲೀಸಾಗಿ ಬಿಚ್ಚಿಕೊಂಡಿತು. ಕಪ್ಪಗೆ, ಹರಳೆಣ್ಣೆಯಷ್ಟು ಮಂದವಾಗಿ ಧಾರೆ ಇಳಿಯಿತು. ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ನಟ್ಟಿನ ತುದಿಗೆ ಕಬ್ಬಿಣದ ನಯ ಪುಡಿ ಕಾಡಿಗೆಯ ಹಾಗೆ ಅಂಟಿತ್ತು. ಹತ್ತೊಂಬತ್ತು ವರ್ಷದಲ್ಲಿ ಗೇರಿನ ಹಲ್ಲುಗಳು ತೇದ ಗಂಧ. ‘ಮುನ್ನೂರು ಉಳೀತು ಕಣೇ’ ಎಂದು ಚರಂಡಿಯೊಳಗಿಂದಲೇ ಕೂಗಿದೆ. ಕೆಳಗಿನ ನಟ್ಟನ್ನು ಒರೆಸಿ, ಬಿಗಿದು, ಹೊಸ ಡಬ್ಬಿಯ ಸೀಲು ಕಿತ್ತು, ಪಕ್ಕದಲ್ಲಿ ಸ್ವಲ್ಪ ಮೇಲಿದ್ದ ತುಂಬುವ ನಟ್ಟಿಗೆ ಪಾನಾ ಹಾಕಿದೆ.

ಅದು ಅಲುಗಲಿಲ್ಲ.

ಇನ್ನೊಮ್ಮೆ ಹಾಕಿದೆ. ಪಾನಾದ ಹಿಡಿಗೆ ಪೈಪು ತೊಡಿಸಿ ಹಾಕಿದೆ. ಸೀಮೆಎಣ್ಣೆ ಬಿಟ್ಟು ಕಾದೆ. ಸುತ್ತಿಗೆಯಿಂದ ಮೆಲ್ಲಗೆ ಕುಟ್ಟಿದೆ, ಆಮೇಲೆ ಜೋರಾಗಿ. ಕೊನೆಗೆ ಏನೋ ತಿರುಗಿದಂತಾಯಿತು. ತಿರುಗಿದ್ದು ನಟ್ಟಲ್ಲ, ಅದರ ಮೂಲೆಗಳು. ಆರು ಮೂಲೆಯ ತಲೆ ಸವೆದು ಗೋಲಿಯಾಗಿತ್ತು.

ಈ ವಿದ್ಯೆಯಲ್ಲಿ ಇರುವುದು ಒಂದೇ ಸೂತ್ರ: ತುಂಬುವ ನಟ್ಟು ಬಿಚ್ಚುತ್ತದೆ ಎಂದು ಖಾತ್ರಿಯಾಗುವ ತನಕ ಖಾಲಿ ಮಾಡುವ ನಟ್ಟನ್ನು ಮುಟ್ಟಬಾರದು. ಹೊಟ್ಟೆಯಲ್ಲಿ ಹನಿ ಎಣ್ಣೆಯಿಲ್ಲದ ಕಾರು ಗ್ಯಾರೇಜಿಗೂ ಹೋಗಲಾರದು. ಸೂತ್ರ ನನಗೆ ಅರ್ಥವಾದದ್ದು ಚರಂಡಿಯಲ್ಲಿ ಅಂಗಾತ ಮಲಗಿ ಆ ಗೋಲಿಯನ್ನು ದಿಟ್ಟಿಸುತ್ತಿರುವಾಗ. ಸರಿಯಾಗಿ ಆಗಲೇ ಹೆಂಡತಿ ಬಾಗಿಲಿಗೆ ಬಂದು ಮೊಬೈಲು ನೋಡುತ್ತ ಸುದ್ದಿ ಓದಿದಳು. ನಮ್ಮ ತಾಲ್ಲೂಕಿನದೇ ವೈಮಾನಿಕ ಪರೀಕ್ಷಾ ವಲಯದಲ್ಲಿ ಅವತ್ತು ಬೆಳಗ್ಗೆ ಇಸ್ರೋದವರು, ಮುಂದೆ ‘ಪುಷ್ಪಕ್’ ಎಂದು ಹೆಸರಾದ ಮಾದರಿಯ ವಿಮಾನವೊಂದನ್ನು ಚಿನೂಕ್ ಹೆಲಿಕಾಪ್ಟರಿಗೆ ತೂಗುಹಾಕಿ ಒಯ್ದು, ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿದ್ದರು. ಪೈಲಟ್ಟಿಲ್ಲದ ಆ ವಿಮಾನ 7 ಗಂಟೆ 40 ನಿಮಿಷಕ್ಕೆ ತಾನೇ ದಾರಿ ಹುಡುಕಿಕೊಂಡು ಬಂದು ರನ್‌ವೇ ಮೇಲೆ ಇಳಿದಿತ್ತು.

‘ಏಳು ನಲವತ್ತಕ್ಕೆ ನೀವೇನು ಮಾಡ್ತಿದ್ರಿ?’ ಎಂದಳು.

ಏಳು ನಲವತ್ತಕ್ಕೆ ನಾನು ಸುತ್ತಿಗೆ ಹುಡುಕುತ್ತಿದ್ದೆ.

ಒಂಬತ್ತೂವರೆಯ ಬಸ್ಸಿಗೆ ಅವಳು ಹೊರಟೇಬಿಟ್ಟಳು. ಅಷ್ಟರಲ್ಲಿ ಪಕ್ಕದ ಮನೆಯ ಯಜಮಾನರು ಕುರ್ಚಿ ತಂದು ಹಾಕಿಕೊಂಡಿದ್ದರು. ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದವರು. ಜಗತ್ತಿನ ಎಲ್ಲ ಎಣ್ಣೆಯೂ ತಮ್ಮ ಸುಪರ್ದಿಗೆ ಬರುತ್ತದೆ ಎಂಬ ಭಾವ. ‘ಮೇಷ್ಟ್ರೆ, ಎರಡು ಲೀಟರ್ ಶೇಂಗಾ ಎಣ್ಣೆ ಹಾಕಿ ನೋಡಿ. ಡಬಲ್ ಫಿಲ್ಟರ್’ ಅಂದರು. ಅದು ಕಾದು ಕಾದು ಅಂಟಾಗುತ್ತದೆ ಎಂದು ವಿವರಿಸಿದೆ. ‘ಅದಿರಲಿ, ಹಾಕೋದಾದ್ರೂ ಎಲ್ಲಿಂದ?’ ಎಂದು ಅವರೇ ಕೇಳಿ ನಕ್ಕರು. ಬೀದಿಯ ಹುಡುಗರೂ ನಕ್ಕರು. ಅದರಲ್ಲಿ ಮೂವರು ನನ್ನ ಕ್ಲಾಸಿನವರು. ಬೇಸಿನ್ನಿನಲ್ಲಿದ್ದ ಹಳೇ ಎಣ್ಣೆಯನ್ನು, ಗೆದ್ದಲು ಹಿಡಿದ ಹಿತ್ತಲ ಬಾಗಿಲಿಗೆ ಬಳಿಯಲು ಬೇಕೆಂದು ಗುಮಾಸ್ತರು ಒಯ್ದರು. ಆ ಬಾಗಿಲು ಇವತ್ತಿಗೂ ಚೆನ್ನಾಗಿದೆ. ಅವತ್ತಿನ ನನ್ನ ದುಡಿಮೆಯ ಪೂರ್ತಿ ಫಲ ಸಿಕ್ಕಿದ್ದು ಅದೊಂದಕ್ಕೇ.

ಹತ್ತೂವರೆಗೆ ಸೋತು ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. ‘ಗಾಡಿ ತಗಂಡು ಬರ್ರಿ ಸಾರ್’ ಅಂದ. ‘ಬರೋ ಹಾಗಿಲ್ಲ’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ‘ಮೊದ್ಲು ಕೆಳಗಿನದು ಬಿಚ್ಚಿದ್ರಾ?’ ಅಂದ. ಡಾಕ್ಟರು ‘ಸಿಗರೇಟು ಸೇದ್ತೀರಾ’ ಎಂದು ಕೇಳುವ ದನಿ.

ಟಿವಿಎಸ್ ಎಕ್ಸೆಲ್‌ನಲ್ಲಿ ಬಂದವನು ಮೊದಲು ಡಬ್ಬಿ ಎತ್ತಿ ನೋಡಿದ. ‘ಇದು ಲಾರಿ ಹೌಸಿಂಗಿಗೆ ಹಾಕೋದು ಸಾರ್. ನಿಮ್ಮ ಗೇರ್ ಬಾಕ್ಸೊಳಗೆ ಹಿತ್ತಾಳೆ ರಿಂಗು ಐತೆ. ಇದು ಅದನ್ನ ತಿಂತೈತೆ.’ ಗೇರು ಬದಲಾಯಿಸುವಾಗ ಎರಡು ಚಕ್ರಗಳ ವೇಗವನ್ನು ಒಂದಕ್ಕೊಂದು ಹೊಂದಿಸಿ ಕೊಡುವ ಬಳೆಗಳಂತೆ ಅವು. ಜಿಎಲ್-5ರಲ್ಲಿ ಗಂಧಕ, ರಂಜಕ ಬೆರೆಸಿದ ಮಿಶ್ರಣ ಜಿಎಲ್-4ಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಇರುತ್ತದೆ. ಭಾರದ ಹಲ್ಲುಗಳಿಗೆ ಅದು ರಕ್ಷೆ, ಹಿತ್ತಾಳೆಗೆ ಶತ್ರು. ಕೈಪಿಡಿ ತೆಗೆದು ನೋಡಿದರೆ ಜಿಎಲ್-4 ಎಂದು ದಪ್ಪಕ್ಷರದಲ್ಲೇ ಇತ್ತು. ಅಂದರೆ ಆ ಹಾಳು ನಟ್ಟು ಬಿಚ್ಚದೆ ಹಟ ಹಿಡಿದದ್ದು ನನ್ನಿಂದ ಕಾರನ್ನು ಕಾಪಾಡಲಿಕ್ಕೆ.

‘ಮೇಲ್ಗಡೆ ಸ್ಪೀಡೋಮೀಟರ್ ಕೇಬಲ್ ಐತಲ್ಲ, ಅದನ್ನೂ ಅದರ ಕೆಳಗಿನ ಸಣ್ಣ ಗೇರನ್ನೂ ತೆಗೆದ್ರೆ ತೂತು ಸಿಗ್ತೈತೆ. ಅಲ್ಲಿಂದ ಅಳತೆ ಮಾಡಿ ಬಿಡಾಣ. ನಾನು ಬರೋವರೆಗೆ ಏನೂ ಮುಟ್ಟಬ್ಯಾಡ್ರಿ’ ಎಂದು ಸರಿಯಾದ ಎಣ್ಣೆ ತರಲು ಹೋದ.

ಮುಟ್ಟಬೇಡಿ ಅಂದರೆ ಮುಟ್ಟುವ ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅವನು ಬರುವಷ್ಟರಲ್ಲಿ ಕೇಬಲ್ ತೆಗೆದಿಟ್ಟರೆ ಅವನಿಗೇ ಹಗುರ ಅಲ್ಲವೆ? ಎಳೆದೆ. ಬಂತು. ಒಳಗಿನ ತಂತಿ ಅರ್ಧ ಮಾತ್ರ ಬಂತು.

ಅವನು ತುಂಡು ಕೇಬಲನ್ನು ನೋಡಿದ, ನನ್ನನ್ನು ನೋಡಿದ, ಏನೂ ಅನ್ನಲಿಲ್ಲ. ಆಲಿಕೆಗೆ ರಬ್ಬರ್ ಪೈಪು ಸಿಕ್ಕಿಸಿ, ಕೈಪಿಡಿಯ ಕೊನೇ ಪುಟದಲ್ಲಿದ್ದ ಅಳತೆಯನ್ನು ನನ್ನಿಂದ ಓದಿಸಿಕೊಂಡು, ಅಷ್ಟನ್ನೇ ಸಣ್ಣ ಧಾರೆಯಲ್ಲಿ ಬಿಟ್ಟ. ಇಪ್ಪತ್ತು ನಿಮಿಷದ ಕೆಲಸ. ಕೂಲಿ ಮುನ್ನೂರು, ಭಾನುವಾರದ್ದು ಇನ್ನೂರು. ಗೋಲಿ ನಟ್ಟಿನ ತಲೆಗೆ ಬೇರೆ ನಟ್ಟು ವೆಲ್ಡ್ ಮಾಡಿ ಬಿಚ್ಚಬೇಕು, ಅದು ಇನ್ನೊಂದು ದಿನದ ಬಾಬತ್ತು ಅಂದ. ಸೀಲು ಒಡೆದ ಜಿಎಲ್-5 ಡಬ್ಬಿಯನ್ನು ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ. ಅದನ್ನೂ ಕಂಬಳಿಯನ್ನೂ ಡಿಕ್ಕಿಗೆ ಹಾಕಿ ಹೊರಟೆ.

ಹೇಳಲೇಬೇಕು, ಗೇರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬೀಳುತ್ತಿತ್ತು. ಎರಡರಿಂದ ಮೂರು, ಮೂರರಿಂದ ಎರಡು, ಕಾರಣವಿಲ್ಲದೆಯೇ ಹಾಕಿ ನೋಡಿದೆ. ಹಿರೇಹಳ್ಳಿ ದಾಟಿ ತಳಕು ಬಂತು. ಟಿ.ಎಸ್. ವೆಂಕಣ್ಣಯ್ಯನವರ ಊರು. ಅವರಿಗೆ ಕುವೆಂಪು ಅವರಂಥ ಶಿಷ್ಯ ‘ಶ್ರೀ ರಾಮಾಯಣ ದರ್ಶನಂ’ ಅರ್ಪಿಸಿದರು. ಮುಂದೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿ, ಗುರುವನ್ನು ಶಿಷ್ಯ ಗೌರವಿಸಬೇಕು ಎಂದು ಕಡೆಸಿದ್ದಾನೆ; 1892ರಲ್ಲಿ ಬಿ.ಎಲ್. ರೈಸ್ ಅದನ್ನು ಲೋಕಕ್ಕೆ ತೋರಿಸಿದರು. ನಮ್ಮ ಬೀದಿಯ ಆ ಮೂವರು ಹುಡುಗರನ್ನು ಒಮ್ಮೆ ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋಗಬೇಕು.

ಸುಮಾರು ಐವತ್ತು ಕಿಲೋಮೀಟರ್ ದಾಟಿ ಮಾವನ ಮನೆ ಮುಟ್ಟಿದಾಗ ಮೂರು ಗಂಟೆ. ಮಾವ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ನಲವತ್ತು ವರ್ಷ ಆ ಗುಂಡಿಯಲ್ಲಿ ಕಾಲಿಟ್ಟವರ ಪಂಚೆಯ ಮೇಲೆ ಒಂದು ಕಲೆಯಿಲ್ಲ. ಅರ್ಧ ದಿನ ಚರಂಡಿಯಲ್ಲಿದ್ದ ನನ್ನನ್ನು ಗುರುತು ಹಿಡಿಯಲು ಅತ್ತೆಗೆ ಎರಡು ನಿಮಿಷ ಬೇಕಾಯಿತು. ಸೀರೆ ಬಿಡಿಸಿ ತೋರಿಸಿದರು. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಮೊಳಕಾಲ್ಮುರು ರೇಷ್ಮೆ. ಅಗಲ ಅಂಚು, ಬೆಳ್ಳಿ ಎಳೆಗೆ ಚಿನ್ನದ ನೀರು ಹೊಯ್ದ ಅಸಲಿ ಜರಿ.

ಊಟವಾಗಿ ಸೀರೆಯ ಗಂಟನ್ನು ಕಾರಿನಲ್ಲಿಡಲು ಬಂದ ಮಾವ ಬಾಗಿಲು ತೆಗೆದವರೇ ಮೂಗು ಮುಚ್ಚಿದರು. ಡಿಕ್ಕಿಯಲ್ಲಿ ಡಬ್ಬಿ ಮಗುಚಿತ್ತು. ಕಂಬಳಿ ಆಸೆಯಿಂದ ಕುಡಿದಿತ್ತು.

‘ಏನ್ ಅಳಿಯಂದ್ರೆ ಇದು ನಾತ?’

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಬೆಳಗ್ಗೆಯಿಂದ ಕಳೆದುಕೊಂಡ ಮಾನವನ್ನು ಒಂದಿಷ್ಟಾದರೂ ವಾಪಸ್ ಗಳಿಸುವ ಆಸೆ ನನ್ನದು. ‘ಗಂಧಕ ಮಾವ. ಹಲ್ಲು ಸವೆಯದ ಹಾಗೆ ಎಣ್ಣೆಗೆ ಬೆರೆಸಿರ್ತಾರೆ. ಆದರೆ ಹಿತ್ತಾಳೆಗೆ ಆಗಿಬರಲ್ಲ’ ಎಂದು ಮೆಕ್ಯಾನಿಕ್ಕಿನ ಪಾಠವನ್ನು ನನ್ನದೆಂಬಂತೆ ಒಪ್ಪಿಸಿದೆ.

‘ಬೆಳ್ಳಿಗೆ?’ ಅಂದರು ಮಾವ.

ಹತ್ತನೇ ತರಗತಿ, ಮೊದಲನೇ ಪಾಠ. ಬೆಳ್ಳಿ ಗಂಧಕದ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ವರ್ಷ ವರ್ಷ ನಾನೇ ಬರೆಸುವ ಉತ್ತರ. ‘ಐವತ್ತು ಕಿಲೋಮೀಟರಿಗೆಲ್ಲ ಏನೂ ಆಗಲ್ಲ ಮಾವ’ ಎಂದು ತೊದಲಿದೆ. ಮಾವ ಗಂಟನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಿದ್ದರು. ‘ರೇಷ್ಮೆಗೆ ಹತ್ತಿದ ನಾತ ಹೋಗಲ್ಲ. ಧಾರೆ ಸೀರೆ ಇದು’ ಅಂದವರು ಮಗಳ ಕಡೆ ತಿರುಗಿ, ‘ಐದೂವರೆಗೆ ಬಸ್ಸೈತೆ ಕಣಮ್ಮ’ ಅಂದರು.

ಸೀರೆ ಬಸ್ಸಿನಲ್ಲಿ ಬಂತು. ಹೆಂಡತಿಯೂ. ಕಿಟಕಿ ಪಕ್ಕದ ಸೀಟು ಸೀರೆಗೆ, ಈಚೆಯದು ಅವಳಿಗೆ. ನಾನು ನಾಲ್ಕೂ ಕಿಟಕಿ ಇಳಿಸಿಕೊಂಡು ಬಸ್ಸಿನ ಹಿಂದೆ ಹಿಂದೆಯೇ ಚಳ್ಳಕೆರೆ ಸೇರಿದೆ. ಎಷ್ಟು ವೇಗದಲ್ಲಿ ಎಂದು ಮಾತ್ರ ಕೇಳಬೇಡಿ. ಮೀಟರಿನ ಮುಳ್ಳು ಅವತ್ತಿನಿಂದ ಸೊನ್ನೆ ಬಿಟ್ಟು ಎದ್ದಿಲ್ಲ. ಹಳೇ 800ರ ಸ್ಪೀಡೋಮೀಟರ್ ಕೇಬಲ್ ನಮ್ಮ ಕಡೆ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ. ಹಾಕುವುದು ನಾನಲ್ಲ.