ಮೈಸೂರು ಸ್ಪಿಟ್‌ಫೈರ್: ಶಿಕಾರಿಪುರ, ಸೊರಬದ ಗ್ರಾಹಕರಿಗೆ ಬಳಕೆಯ ಸೂಚನೆಗಳು

ಮೊದಲು ಗುರುತು ನೋಡಿಕೊಳ್ಳಿ. ನಿಮ್ಮ ವಿಮಾನ ಬ್ರಿಟನ್ನಿನ ರಾಯಲ್ ಏರ್‌ಫೋರ್ಸಿನ 129ನೇ ಸ್ಕ್ವಾಡ್ರನ್ನಿನದ್ದಾದರೆ ಆ ದಳದ ಲಾಂಛನ ಗಂಡಭೇರುಂಡ. ಮೈಸೂರು ಸಂಸ್ಥಾನ ಎರಡನೇ ಮಹಾಯುದ್ಧಕ್ಕೆ ದೇಣಿಗೆ ಕೊಟ್ಟಿತೆಂದು 1941ರಲ್ಲಿ ಮತ್ತೆ ಹುಟ್ಟಿದ ದಳಕ್ಕೆ ‘ಮೈಸೂರು’ ಎಂದೇ ಹೆಸರಿಟ್ಟರು. ಹಕ್ಕಿ ಅಸಲಿಯೋ ಎಂಬ ಅನುಮಾನವಿದ್ದರೆ ಬಳ್ಳಿಗಾವಿಗೆ ಬನ್ನಿ. 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಸುಮಾರು 30 ಅಡಿಯ ಕಂಬ ಅದೇ ಭೇರುಂಡನದು. ನಮ್ಮದಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ವಿಮಾನಕ್ಕೆ ತಲೆ ಒಂದೇ, ಪೈಲಟ್ಟನದು.

ಚಾಲೂ ಮಾಡಿದ ಮೇಲೆ ನೆಲದಲ್ಲಿ ಹೆಚ್ಚು ಹೊತ್ತು ನಿಲ್ಲಿಸಬೇಡಿ. ಮರ್ಲಿನ್ ಎಂಜಿನ್, ಹನ್ನೆರಡು ಸಿಲಿಂಡರ್, 27 ಲೀಟರ್, ಕುದಿಯಲು ತಡವಿಲ್ಲ. ಬಾಲ ನೆಲಕ್ಕೆ, ಮೂತಿ ಮುಗಿಲಿಗೆ. ಎದುರಿಗೆ ಎಮ್ಮೆ ಬಂದರೂ ಕಾಣದು. ಡೊಂಕುಡೊಂಕಾಗಿಯೇ ಓಡಿಸಬೇಕು. ಶಿರಾಳಕೊಪ್ಪದ ಸಂತೆಯಲ್ಲಿ ಬೈಕ್ ಓಡಿಸಿದವರಿಗೆ ತರಬೇತಿ ಬೇಡ.

ಸೊರಬದವರು ಗುಡವಿ ಕೆರೆಯಲ್ಲಿ ಇಳಿಸುವ ಆಸೆ ಬಿಡಿ. ಇದನ್ನು ರೂಪಿಸಿದ ಆರ್. ಜೆ. ಮಿಚೆಲ್ ಮೊದಲು ನೀರಿನ ಮೇಲಿಳಿಯುವ ಪಂದ್ಯದ ವಿಮಾನ ಮಾಡಿದ್ದು ನಿಜ. ಆದರೆ 1936ರ ಮಾರ್ಚಿನಲ್ಲಿ ಹಾರಿದ ಇದಕ್ಕಿರುವುದು ಗಾಲಿ, ಅವೂ ಒಂದಕ್ಕೊಂದು ಹತ್ತಿರ. ಇಳಿಯುವಾಗ ವಾಲಿದರೆ ರೆಕ್ಕೆ ನೆಲಕ್ಕೆ ತಾಗೀತು.

ಹಾರುವಾಗ ಮೂತಿಯನ್ನು ತಟ್ಟನೆ ಕೆಳಕ್ಕೆ ಒತ್ತಬೇಡಿ. ಕಾರ್ಬ್ಯುರೇಟರಿನ ಪೆಟ್ರೋಲ್ ಮೇಲಕ್ಕೆ ಚಿಮ್ಮಿ ಎಂಜಿನ್ ಮೊದಲು ಬಾಯಾರುತ್ತದೆ, ಆಮೇಲೆ ಅದೇ ಪೆಟ್ರೋಲಿನಲ್ಲಿ ಮುಳುಗುತ್ತದೆ. ಅಷ್ಟರಲ್ಲಿ ನೀವು ಬೆನ್ನಟ್ಟಿದ ಜರ್ಮನ್ ವಿಮಾನ ಜಾರಿಕೊಂಡಿರುತ್ತದೆ. 1941ರಲ್ಲಿ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್ ತೂತಿರುವ ಒಂದು ಪುಟ್ಟ ಬಿಲ್ಲೆ ಕೂರಿಸಿ ಈ ಕಾಯಿಲೆಯನ್ನು ಬಹುಮಟ್ಟಿಗೆ ಹತೋಟಿಗೆ ತಂದರು. ಇಡೀ ಯಂತ್ರದಲ್ಲಿ ನನಗೆ ಮೆಚ್ಚಾದ ಬಿಡಿಭಾಗ ಇದೊಂದೇ.

ಸೇವಾ ವಿವರ: 1942ರ ಆಗಸ್ಟ್ 19, ಫ್ರಾನ್ಸಿನ ದಿಯೆಪ್ ದಾಳಿ. ಭೇರುಂಡನ ದಳ ಜರ್ಮನ್ ಫಿರಂಗಿಗಳ ಮೇಲೆ ಗುಂಡು ಸುರಿಸಿತು. 1944ರಲ್ಲಿ ಸ್ಪಿಟ್‌ಫೈರ್ ಬಿಟ್ಟು ಅಮೆರಿಕದ ಮಸ್ಟಾಂಗ್ ಹತ್ತಿ ವಿ-1 ಹಾರುಬಾಂಬುಗಳನ್ನು ಉರುಳಿಸಿತು.

ಎಚ್ಚರಿಕೆ: ನ್ಯಾಯವನ್ನು ಕಾಯುವೆನೆಂಬುದು ದಳದ ಧ್ಯೇಯವಾಕ್ಯ. ಶಿಕಾರಿಪುರ ತಾಲ್ಲೂಕಿನಲ್ಲಿ ಇದನ್ನು ಗಟ್ಟಿಯಾಗಿ ಓದಬೇಡಿ. ದಿಯೆಪ್ ಆದ ಮರುತಿಂಗಳು ಇದೇ ತಾಲ್ಲೂಕಿನ ಈಸೂರಿನವರು ತಮ್ಮೂರು ಸ್ವತಂತ್ರವೆಂದು ಸಾರಿದರು. ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತರು. ದೇಣಿಗೆ ಕೊಟ್ಟ ಅದೇ ಸಂಸ್ಥಾನ 1943ರ ಮಾರ್ಚಿನಲ್ಲಿ ಈಸೂರಿನ ಐವರನ್ನು ಗಲ್ಲಿಗೇರಿಸಿತು.