ನಮ್ಮ ಬೇಲಿ, ಅವರ ಕುದುರೆ ಮರಿ

ಕುದುರೆ ಕಂಡರೆ ಕಾಲು ನೋವು ಅನ್ನುವ ಗಾದೆಯನ್ನು ಯಾರೋ ನನ್ನ ಜಾತಕ ನೋಡಿಯೇ ಕಟ್ಟಿರಬೇಕು. ನನ್ನ ಎಡ ಮೊಣಕಾಲು ಹತ್ತು ವರ್ಷದಿಂದ ಕೈಕೊಟ್ಟಿದೆ. (ಕಾಲು ಕೈಕೊಡುವುದು ಕನ್ನಡದಲ್ಲಿ ಮಾತ್ರ ಸಾಧ್ಯ!) ಆದರೆ ಎರಡು ತಿಂಗಳಿಂದ ಆ ನೋವಿನ ಸುದ್ದಿ ಎತ್ತಲು ನನಗೆ ಬಾಯಿಲ್ಲ. ಕಾರಣ, ಬೇಲಿಯಾಚೆ ಮೂರು ಕಾಲಲ್ಲಿ ನಿಂತಿತ್ತು.

ಮೈಸೂರಿನಲ್ಲಿ ಅರಮನೆ ಸುತ್ತ ಪ್ರವಾಸಿಗರನ್ನು ಕೂರಿಸಿಕೊಂಡು ಓಡುವ ಷಾ ಪಸಂದ್ ಟಾಂಗಾಗಳು ಇನ್ನೂ ಇವೆಯಲ್ಲ, ಅಂಥದ್ದೊಂದು ಪಕ್ಕದ ಸಾಹೇಬರದು. ಅವರ ಹೆಣ್ಣುಕುದುರೆ ಈ ಬೇಸಿಗೆಯಲ್ಲಿ ಮರಿ ಹಾಕಿತು. ಹುಟ್ಟಿ ಒಂದು ಗಂಟೆಯಾಗುವಷ್ಟರಲ್ಲಿ ಮರಿ ಎದ್ದು ನಿಂತಿತ್ತು; ನಮ್ಮ ಮೊಮ್ಮಗ ಅದಕ್ಕೊಂದು ವರ್ಷ ತೆಗೆದುಕೊಂಡ. ಮೂರು ತಿಂಗಳು ತುಂಬುವ ಹೊತ್ತಿಗೆ ಅದಕ್ಕೆ ಓಟದ ಹುಚ್ಚು ಹತ್ತಿತು. ಒಂದು ಬೆಳಿಗ್ಗೆ ಯಾರದೋ ಮದುವೆ ಮೆರವಣಿಗೆಯ ಪಟಾಕಿ ಸಿಡಿಯಿತು, ಮರಿ ಬೆದರಿ ನೇರ ಮುಳ್ಳುತಂತಿಗೆ ನುಗ್ಗಿತು. ನನ್ನ ನಾಲ್ಕು ದಾಸವಾಳದ ಗಿಡ ಕಾಯಲೆಂದು ಆ ತಂತಿ ಹಾಕಿಸಿದವನು ನಾನೇ.

ಬಲ ಮುಂಗಾಲಿನ ಮಂಡಿಯ ಕೆಳಗೆ ಚರ್ಮ ಗಾಳಿಗೆ ಸೀಳಿದ ಬಾಳೆಯೆಲೆಯಂತೆ ಜೋತಾಡುತ್ತಿತ್ತು. ಅರ್ಧ ಗಂಟೆಯಲ್ಲಿ ಬೀದಿಯ ಜನರೆಲ್ಲ ವೈದ್ಯರಾದರು. ಅರಿಸಿನ-ಸುಣ್ಣ ಎಂದರೊಬ್ಬರು, ಕಾಫಿಪುಡಿ ಮೆತ್ತಿ ಎಂದರಿನ್ನೊಬ್ಬರು, ಮೆಕ್ಯಾನಿಕ್ ಹುಡುಗ ಸುಟ್ಟ ಆಯಿಲ್ ಡಬ್ಬಿಯನ್ನೇ ಹೊತ್ತು ತಂದ. ಸಾಹೇಬರು ಯಾರಿಗೂ ಕಿವಿಗೊಡದೆ ನನ್ನ ಕಡೆ ತಿರುಗಿ, "ನಿಮ್ಮ ತೋಟದ ಪೈಪ್ ಕೊಡಿ ಸ್ವಾಮಿ" ಎಂದರು. ಬೇಲಿಯ ಬಗ್ಗೆ ಒಂದು ಮಾತಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಾಲು ಗಂಟೆ ತಣ್ಣೀರು ಬಿಟ್ಟೆವು. ತಾಯಿಕುದುರೆಯನ್ನು ಪಕ್ಕದಲ್ಲೇ ಕಟ್ಟಿದ್ದರಿಂದ ಮರಿ ಒದೆಯಲಿಲ್ಲ; ಅದರ ಹೊಟ್ಟೆಗೆ ಮೂತಿ ಒತ್ತಿ ನಡುಗುತ್ತಾ ನಿಂತಿತ್ತು.

ಪಶುವೈದ್ಯರು ಬಂದವರು ಮೊದಲು ಕೊಟ್ಟಿದ್ದು ಧನುರ್ವಾಯುವಿನ ಸೂಜಿ. ಆ ರೋಗ ಕುದುರೆಯನ್ನು ಹಿಡಿದಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗಳನ್ನು ಹಿಡಿಯುವುದಿಲ್ಲವಂತೆ. ವಿಚಿತ್ರ ನೋಡಿ, ಹಾವು ಕಚ್ಚಿದ ಮನುಷ್ಯನಿಗೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಬರುವುದು ಕುದುರೆಯ ರಕ್ತದಿಂದ. ಅದೇ ಕುದುರೆಗೆ ತುಕ್ಕು ತಂತಿ ಸಾಕು. ಕೀಲಿಗೆ ಏಟಾಗಿಲ್ಲ, ನರ ಹರಿದಿಲ್ಲ, ಬದುಕಿತು ಎಂದರು ಡಾಕ್ಟರು. ಮಂಡಿಯ ಕೆಳಗೆ ಕುದುರೆಗೆ ಮಾಂಸಖಂಡವೇ ಇಲ್ಲವಂತೆ. ಎಲುಬು, ನರ, ಅದರ ಮೇಲೆ ಚರ್ಮ, ಅಷ್ಟೇ. ಹಾಗಾಗಿ ಅಲ್ಲಿನ ಗಾಯ ಬೇಗ ಕೂಡುವುದಿಲ್ಲ. ಮೇಲಿನ ಅರ್ಧಕ್ಕೆ ಹೊಲಿಗೆ ಹಾಕಿದರು, ಕೆಳಗಿನದು ತಾನಾಗಿ ತುಂಬಿಕೊಳ್ಳಲಿ ಎಂದು ಬಿಟ್ಟರು.

ಅಲ್ಲಿಂದ ಶುರುವಾಯಿತು ನನ್ನ ಪ್ರಾಯಶ್ಚಿತ್ತ. ಸಾಹೇಬರು ಟಾಂಗಾ ಕಟ್ಟಿಕೊಂಡು ಹೊರಟ ಮೇಲೆ ಮರಿಯ ದೇಖರೇಖಿ ನಿವೃತ್ತನಾದ ನನ್ನದು. ತಾಯಿ ಕೆಲಸಕ್ಕೆ ಹೋಗುವಂತಿಲ್ಲ, ಮರಿ ಕುಣಿಯುವಂತಿಲ್ಲ. ಗಾಡಿಗೆ ಬಾಡಿಗೆ ಕುದುರೆ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಬೆರೆಸಿ ತೊಳೆಯಬೇಕು, ದಪ್ಪ ಹತ್ತಿ ಸುತ್ತಿ ಪಟ್ಟಿ ಬಿಗಿಯಬೇಕು. ಸಡಿಲವಾದರೆ ಜಾರುತ್ತದೆ, ಬಿಗಿಯಾದರೆ ನರ ಊದುತ್ತದೆ. ನಾನು ಕಟ್ಟಿದ ಮೊದಲ ಪಟ್ಟಿ ಸಂಜೆಯ ಹೊತ್ತಿಗೆ ಶಾಲೆ ಮಗುವಿನ ಕಾಲುಚೀಲದಂತೆ ಗೊರಸಿನ ಮೇಲೆ ಕೂತಿತ್ತು. ಏಟಾಗದ ಎಡಗಾಲಿಗೂ ಪಟ್ಟಿ ಬೇಕು, ಮೈಭಾರವೆಲ್ಲ ಅದರ ಮೇಲೆ ಬೀಳುತ್ತದಲ್ಲ. ಜ್ವರ ನೋಡುವ ಜಾಗವನ್ನಂತೂ ಹೇಳುವಂತಿಲ್ಲ; ಬಾಲ ಎತ್ತಿ ಹಿಡಿದು ನಿಂತ ನನ್ನ ಫೋಟೋ ಮೊಮ್ಮಗನ ಮೊಬೈಲಿನಲ್ಲಿದೆ.

ಮೂರನೇ ವಾರ, ಆಷಾಢದ ಮಳೆ, ನೊಣ. ಪಟ್ಟಿ ಬಿಚ್ಚಿ ನೋಡಿದರೆ ಗಾಯದಿಂದ ಕೆಂಪು ಹೂಕೋಸು ಉಬ್ಬಿ ಬಂದಿದೆ! ಇದೇನಪ್ಪಾ ಎಂದು ಡಾಕ್ಟರಿಗೆ ಫೋನು ಮಾಡಿದೆ. ಕುದುರೆಯ ಕಾಲಿನ ಗಾಯ ಹೀಗೇನೆ, ಮಾಂಸ ಅಳತೆ ಮೀರಿ ಬೆಳೆದು ಚರ್ಮ ಕೂಡಲು ಬಿಡುವುದಿಲ್ಲ ಎಂದರು. ಬಂದು ಬ್ಲೇಡಿನಲ್ಲಿ ಮಟ್ಟಸವಾಗಿ ಹೆರೆದರು. ರಕ್ತ ಧಾರೆಯಾಗಿ ಇಳಿಯಿತು. ಮರಿ ಮಾತ್ರ ಹುಲ್ಲಿನ ಎಸಳೊಂದನ್ನು ಮೂಸುತ್ತಾ ನಿಂತಿತ್ತು, ಆ ಮಾಂಸಕ್ಕೆ ನೋವೇ ತಿಳಿಯದಂತೆ. ತಲೆ ಸುತ್ತಿ ಕೂತವನು ನಾನು. ಡಾಕ್ಟರು ನೀರು ಕೊಟ್ಟದ್ದು ನನಗೆ.

ಅದೇ ವಾರ ಎದುರುಮನೆಯವರು ಪಾಪ ಕರುಣೆಯಿಂದ, ಹಬ್ಬದ ಅಡುಗೆ ಮಿಕ್ಕಿದ್ದು ಒಂದು ಬುಟ್ಟಿ ಹೋಳಿಗೆ ತಾಯಿಕುದುರೆಯ ಮುಂದಿಟ್ಟರು. ಸಾಹೇಬರು ಚಾವಟಿ ಕೆಳಗೆ ಹಾಕಿ ಓಡಿಬಂದರು. "ಕುದುರೆಗೆ ವಾಂತಿ ಮಾಡಕ್ಕೆ ಬರಲ್ಲ ಸ್ವಾಮಿ! ನಾವು ತಿಂದು ಕಕ್ಕಿಬಿಡ್ತೀವಿ, ಅದು ಕಕ್ಕಲಾರದೆ ಸಾಯ್ತದೆ." ಎರಡು ತಿಂಗಳಲ್ಲಿ ಅವರ ದನಿ ಏರಿದ್ದು ಅದೊಂದೇ ಸಲ. ಬುಟ್ಟಿಯ ಹೋಳಿಗೆಯನ್ನು ನಾನೂ ಮೆಕ್ಯಾನಿಕ್ ಹುಡುಗನೂ ಮುಗಿಸಿದೆವು.

ಈಗ ಗಾಯ ಒಂದು ರೂಪಾಯಿ ನಾಣ್ಯದಷ್ಟಿದೆ. ಮಿಕ್ಕ ಕಡೆ ಕೂದಲು ಚಿಗುರುತ್ತಿದೆ, ಆದರೆ ಬೆಳ್ಳಗೆ. ಕಂದು ಕಾಲಿಗೆ ಬಿಳಿ ಕಡಗ. ಕೊನೆಯವರೆಗೂ ಹಾಗೇ ಇರುತ್ತದಂತೆ. ಮುಳ್ಳುತಂತಿಯನ್ನು ಗಾಯವಾದ ದಿನವೇ ಕಿತ್ತೆಸೆದೆ, ಅದರ ಜಾಗದಲ್ಲಿ ಇನ್ನೂ ಏನೂ ಹಾಕಿಸಿಲ್ಲ. ಮರಿ ದಿನಾ ಬೆಳಿಗ್ಗೆ ಕುಂಟದೆ ಈಚೆ ದಾಟಿ ಬಂದು ದಾಸವಾಳದ ಮೊಗ್ಗು ಕಚ್ಚುತ್ತದೆ. ಪೂಜೆಗೆ ಒಂದು ಹೂವಿಲ್ಲ ಎಂದು ಮನೆಯಾಕೆ ಗೊಣಗುತ್ತಾಳೆ. ಗೊಣಗುತ್ತಲೇ, ಸಾಹೇಬರು ಹೇಳಿದ ಅಳತೆಗೆ ಬೇಯಿಸಿದ ಹುರುಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಿಲಿಗೆ ಹೋಗುತ್ತಾಳೆ.