ಉಪ್ಪಿನ ಡಬ್ಬಿಯ ರಂಧ್ರಮೀಮಾಂಸೆ

1. ಪೀಠಿಕೆ

ನಮ್ಮ ಅಡುಗೆ ಪುಸ್ತಕಗಳಲ್ಲಿ ಅಕ್ಕಿಗೆ ಲೋಟದ ಲೆಕ್ಕವಿದೆ, ಬೇಳೆಗೆ ಬಟ್ಟಲಿನ ಲೆಕ್ಕವಿದೆ, ಎಣ್ಣೆಗೆ ಚಮಚದ ಲೆಕ್ಕವಿದೆ. ಉಪ್ಪಿನ ಸರದಿ ಬಂದಾಗ ಮಾತ್ರ ಗ್ರಂಥಕರ್ತರು ‘ರುಚಿಗೆ ತಕ್ಕಷ್ಟು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಈ ‘ತಕ್ಕಷ್ಟು’ ಎಂದರೆ ಎಷ್ಟು ಎಂದು ತಿಳಿಯದೆ ಎಷ್ಟು ಮನೆಗಳಲ್ಲಿ ಸಾರು ಕೆಟ್ಟಿದೆ, ಸಾರಿನ ನೆಪದಲ್ಲಿ ಎಷ್ಟು ಭಾನುವಾರಗಳು ಕೆಟ್ಟಿವೆ ಎಂಬ ಗಣತಿ ಇನ್ನೂ ನಡೆದಿಲ್ಲ. ತಕ್ಕಷ್ಟು ಉಪ್ಪನ್ನು ತಾನೇ ಅಳೆದು ಉದುರಿಸುವ ಡಬ್ಬಿಯೊಂದನ್ನು ರೂಪಿಸುವುದು ಈ ಮಹಾಪ್ರಬಂಧದ ಉದ್ದೇಶ. ಸಂಶೋಧಕ: ಈ ಬರೆಹಗಾರ. ಮಾರ್ಗದರ್ಶಕಿ: ಹೆಂಡತಿ. ಬಾಹ್ಯ ಪರೀಕ್ಷಕರು: ಅತ್ತೆಯವರು. ಪ್ರಯೋಗಾಲಯ: ಅವರಿಬ್ಬರೂ ದೇವಸ್ಥಾನಕ್ಕೆ ಹೋದ ಹೊತ್ತಿನ ಅಡುಗೆಮನೆ.

2. ಪೂರ್ವಸೂರಿಗಳು

ಕಾಳು ಅಳೆಯುವುದರಲ್ಲಿ ನಮ್ಮ ಹಿರಿಯರು ಯಾರಿಗೂ ಕಡಿಮೆಯಿರಲಿಲ್ಲ. ನಾಲ್ಕು ಚಟಾಕಿಗೆ ಪಾವು, ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಸೇರು, ಇಪ್ಪತ್ತು ಕೊಳಗಕ್ಕೆ ಖಂಡುಗ. ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಎಣಿಕೆ ಶುರುವಾಗುವ ಮೊದಲೇ ಲಾಭ ಘೋಷಿಸುವ ಈ ಪದ್ಧತಿಯನ್ನು ಇಂದಿನ ಸ್ಟಾರ್ಟಪ್ ಮಂದಿ ತಮ್ಮದೇ ಆವಿಷ್ಕಾರವೆಂದು ತಿಳಿದಿದ್ದಾರೆ.

ಆದರೆ ಸೇರು ಒಂದೇ ಆದರೂ ಅಳತೆ ಎರಡು. ತಲೆ ಸವರಿ ಅಳೆದರೆ ಒಂದು, ಗೋಪುರ ಕಟ್ಟಿ ಅಳೆದರೆ ಇನ್ನೊಂದು. ಗೋಪುರದ ಇಳಿಜಾರನ್ನು ಅಳೆಯುವವನಲ್ಲ, ಕಾಳೇ ತೀರ್ಮಾನಿಸುತ್ತದೆ. ದುಂಡು ರಾಗಿ ಬೇಗ ಜಾರುತ್ತದೆ. ಒರಟು ಸಿಪ್ಪೆಯ ಭತ್ತ ಒಂದನ್ನೊಂದು ಹಿಡಿದುಕೊಂಡು ಎತ್ತರಕ್ಕೆ ನಿಲ್ಲುತ್ತದೆ. ಸಾಲ ಕೊಡುವಾಗ ತಲೆ ಸವರಿ, ವಸೂಲಿಗೆ ಗೋಪುರ ಕಟ್ಟುವ ಸಾಹುಕಾರನಿಗೆ ಈ ವಿಜ್ಞಾನ ಯಾವ ಪಾಠಶಾಲೆಯೂ ಇಲ್ಲದೆ ಕರಗತವಾಗಿತ್ತು.

ಹೊಲದಲ್ಲಿ ಕೂರಿಗೆ ಇತ್ತು. ಎತ್ತು ಎಳೆಯುತ್ತದೆ, ಹಿಂದೆ ನಡೆಯುವ ಹೆಣ್ಣುಮಗಳು ಬಟ್ಟಲಿಗೆ ಬೀಜ ಬಿಡುತ್ತಾಳೆ, ಬಟ್ಟಲ ತೂತುಗಳಿಂದ ಬಿದಿರ ಕೊಳವೆಗಿಳಿದ ಬೀಜ ಸಾಲು ಸೇರುತ್ತದೆ. ಯಂತ್ರಶಾಸ್ತ್ರಜ್ಞರು ಗಮನಿಸಬೇಕು: ಇಡೀ ಉಪಕರಣದಲ್ಲಿ ಅಳತೆಯ ಭಾಗ ಮರದ್ದೂ ಅಲ್ಲ, ಬಿದಿರಿನದೂ ಅಲ್ಲ, ಅದು ಆಕೆಯ ಬೆರಳು.

1956ರ ತೂಕ-ಅಳತೆ ಕಾಯ್ದೆಯಿಂದಾಗಿ ದೇಶಕ್ಕೆಲ್ಲ ಮೆಟ್ರಿಕ್ ಬಂತು. ಸೇರು, ಪಾವು ನಿವೃತ್ತವಾಗಿ ಅಟ್ಟ ಹತ್ತಿದವು. ಉಳಿದದ್ದು ಕೊಸರು. ತಕ್ಕಡಿ ಸಮ ನಿಂತ ಮೇಲೂ ಅಂಗಡಿಯವನ ಕೈ ಹಿಡಿ ಕಡಲೆಕಾಯನ್ನು ಚೀಲಕ್ಕೆ ಬಿಸಾಡುತ್ತದಲ್ಲ, ಅದು. ಕಡಿಮೆ ತೂಗಿದವನನ್ನು ಹಿಡಿಯಲು ಕಾನೂನು ಮಾಪನಶಾಸ್ತ್ರ ಇಲಾಖೆಯಿದೆ. ಕೊಸರು ಹಾಕಿದವನ ಮೇಲೆ ದೂರು ಕೊಡುವ ಗಿರಾಕಿ ಇನ್ನೂ ಹುಟ್ಟಿಲ್ಲ. ಈ ಕೊಸರನ್ನು ಓದುಗರು ಮಡಿಲಲ್ಲಿ ಇಟ್ಟುಕೊಂಡಿರಬೇಕು, ಮುಂದೆ ಬೇಕಾಗುತ್ತದೆ.

3. ರಂಧ್ರಮತಗಳು

ಡಬ್ಬಿಯ ಮುಚ್ಚಳಕ್ಕೆ ಎಷ್ಟು ತೂತು ಇರಬೇಕೆಂಬುದರಲ್ಲಿ ಮೂರು ಮತಗಳಿವೆ. ಒಂದೇ ತೂತು ಸಾಕೆನ್ನುವವರು ಅದ್ವೈತಿಗಳು. ಎರಡಾದರೂ ಬೇಕೆನ್ನುವವರು ದ್ವೈತಿಗಳು. ಎರಡಿದ್ದರೂ ಒಂದು ಕಟ್ಟಿಕೊಂಡು, ನೋಡಲು ಎರಡು, ಉದುರಿಸಲು ಒಂದು ಎಂಬ ಸ್ಥಿತಿಗೆ ಬಂದವರು ವಿಶಿಷ್ಟಾದ್ವೈತಿಗಳು. ಹೋಟೆಲ್ ಮೇಜಿನ ಮೇಲಿನ ಡಬ್ಬಿಗಳೆಲ್ಲ ಮೂರನೆಯ ಮತಕ್ಕೆ ಸೇರಿದವು.

ಪರದೇಶದ ಪಂಡಿತರು ಬೇರೆ ದಾರಿ ಹಿಡಿದರು. ನೀರಿನ ತೊಟ್ಟಿ ತುಂಬಿದಷ್ಟೂ ತಳದ ಒತ್ತಡ ಏರುತ್ತದೆ. ಧಾನ್ಯ ಹಾಗಲ್ಲವೆಂದು ಜರ್ಮನಿಯ ಎಂಜಿನಿಯರ್ ಯಾನ್ಸೆನ್ 1895ರಲ್ಲಿ ವಿವರಿಸಿದ. ಒಂದು ಮಟ್ಟ ದಾಟಿದ ಮೇಲೆ ಸುರಿದ ಕಾಳಿನ ಭಾರವನ್ನು ಕಣಜದ ಗೋಡೆಗಳೇ ಹೊರುತ್ತವೆ. ತಳಕ್ಕೆ ಸುದ್ದಿಯೂ ಮುಟ್ಟುವುದಿಲ್ಲ. ಮರಳು ಗಡಿಯಾರವೂ ಅಷ್ಟೆ, ತುಂಬಿರಲಿ, ಅರ್ಧವಿರಲಿ, ಒಂದೇ ವೇಗದಲ್ಲಿ ಸುರಿಯುತ್ತದೆ. ಬರುವ ಕಡತಗಳನ್ನೆಲ್ಲ ನಡುವಿನವರೇ ಹಿಡಿದಿಟ್ಟುಕೊಂಡು, ಕೆಳಗಿನಿಂದ ಮಾತ್ರ ದಿನಕ್ಕಿಷ್ಟೆಂದು ಉದುರಿಸುವ ಕಚೇರಿಗಳನ್ನು ಕಂಡವರಿಗೆ ಯಾನ್ಸೆನ್ನನ ಸಿದ್ಧಾಂತ ಹೊಸದೆನಿಸದು.

ಇನ್ನು ತೂತಿನ ಅಗಲ. ಹಾಲೆಂಡಿನ ಬೆವರ್ಲೂ ಮತ್ತು ಸಂಗಡಿಗರು 1961ರಲ್ಲಿ ಕೊಟ್ಟ ಸೂತ್ರದಂತೆ, ತೂತನ್ನು ಎರಡರಷ್ಟು ಅಗಲ ಮಾಡಿದರೆ ಸುರಿಯುವ ಕಾಳು ಎರಡರಷ್ಟಲ್ಲ, ನಾಲ್ಕರಷ್ಟೂ ಅಲ್ಲ, ಐದೂವರೆ ಪಟ್ಟಿಗೂ ಹೆಚ್ಚು. ಮುಚ್ಚಳಕ್ಕೆ ಸಣ್ಣ ಮೊಳೆ ಸಿಗದೆ ದಪ್ಪ ಮೊಳೆ ಹೊಡೆದವರು ಇದನ್ನು ಊಟಕ್ಕೆ ಕೂತಾಗ ಕಂಡುಕೊಂಡಿರುತ್ತಾರೆ. ಹಾಗೆಂದು ತೂತು ತೀರ ಕಿರಿದಾದರೆ, ಕಾಳಿನ ಗಾತ್ರದ ಐದಾರು ಪಟ್ಟಿಗಿಂತ ಇಳಿದರೆ, ಹರಳುಗಳು ಹೆಗಲಿಗೆ ಹೆಗಲು ಕೊಟ್ಟು ತೂತಿನ ಮೇಲೆ ಕಮಾನು ಕಟ್ಟಿಬಿಡುತ್ತವೆ. ನಡುವೆ ಕಂಬವಿಲ್ಲದೆ ಗೋಳಗುಮ್ಮಟ ಎತ್ತಲು ವಿಜಯಪುರದ ಆದಿಲ್‌ಶಾಹಿಗಳಿಗೆ ವರ್ಷಗಟ್ಟಲೆ ಹಿಡಿಯಿತು. ಉಪ್ಪು ಅದೇ ಕೆಲಸವನ್ನು ನೆಂಟರು ತಟ್ಟೆಯ ಮುಂದೆ ಕಾಯುತ್ತಿರುವಾಗ, ಒಂದು ಕ್ಷಣದಲ್ಲಿ ಮುಗಿಸುತ್ತದೆ.

4. ಪ್ರಯೋಗ

ಮೇಲಿನ ಜ್ಞಾನವನ್ನೆಲ್ಲ ಅರಗಿಸಿಕೊಂಡು ಸಂಶೋಧಕನು ಹಳೆಯ ಕಾಫಿಪುಡಿ ಡಬ್ಬವೊಂದರ ತಳಕ್ಕೆ ಮರದ ಉರುಳೆ ಕೂರಿಸಿದನು. ಉರುಳೆಯ ಮೈಯಲ್ಲಿ ಒಂದು ಕುಳಿ. ಕುಳಿ ಮೇಲಕ್ಕಿದ್ದಾಗ ಉಪ್ಪು ತುಂಬಿಕೊಳ್ಳುತ್ತದೆ. ಹಿಡಿ ತಿರುಗಿಸಿದರೆ ಕೆಳಕ್ಕೆ ಹೊರಳಿ ಸುರಿಯುತ್ತದೆ. ಒಂದು ಸುತ್ತಿಗೆ ಒಂದು ಕುಳಿ. ದೊಡ್ಡವರಿಗೆ ದಿನಕ್ಕೆ ಐದು ಗ್ರಾಂ ಉಪ್ಪು ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದರಿಂದ ಕುಳಿಯನ್ನು ಸರಿಯಾಗಿ ಐದು ಗ್ರಾಮಿಗೆ ಕೊರೆಯಲಾಯಿತು. ಉರುಳೆಗೆ ಬೇಕಾದ ಮರ ಮನೆಯಲ್ಲೇ ದೊರಕಿತು.

“ಲಟ್ಟಣಿಗೆ ಯಾಕ್ರೀ ಗಿಡ್ಡ ಆಗಿದೆ?” ಎಂದು ಮಾರ್ಗದರ್ಶಕಿ ಅಂದು ಸಂಜೆ ಕೇಳಿದರು. ಸಂಶೋಧನೆಗೆ ಮೂಲಸಾಮಗ್ರಿಯ ಕೊರತೆ ಎಲ್ಲ ಕಾಲದಲ್ಲೂ ಇದ್ದದ್ದೇ ಎಂದು ಉತ್ತರಿಸಲಾಯಿತು.

ಮೊದಲ ವಾರ ಯಂತ್ರ ಚೆನ್ನಾಗಿ ನಡೆಯಿತು. ಆಷಾಢ ಬಂತು. ಗಾಳಿಯ ತೇವ ಶೇಕಡಾ 75ರ ಆಸುಪಾಸು ದಾಟಿದರೆ ಅಡುಗೆ ಉಪ್ಪು ಗಾಳಿಯ ನೀರನ್ನೇ ಹೀರಿ ಕರಗತೊಡಗುತ್ತದೆ. ಉರುಳೆ ಉಬ್ಬಿತು, ಕುಳಿ ಕಟ್ಟಿತು, ಹಿಡಿ ಕೈಗೆ ಬಂತು. ಅಮೆರಿಕದ ಮಾರ್ಟನ್ ಕಂಪನಿ 1911ರಲ್ಲಿ ಉಪ್ಪಿಗೆ ಮೆಗ್ನೀಸಿಯಂ ಕಾರ್ಬೊನೇಟ್ ಬೆರೆಸಿ, ಮಳೆಯಲ್ಲೂ ಉದುರುವ ಉಪ್ಪು ಮಾರಿತು. ನಮ್ಮ ಹೋಟೆಲಿನವರು ಡಬ್ಬಿಗೆ ನಾಲ್ಕು ಅಕ್ಕಿ ಕಾಳು ಹಾಕಿ ಸುಮ್ಮನಾದರು. ಸಂಶೋಧಕನೂ ಅಕ್ಕಿ ಹಾಕಿದನು. ಕುಳಿಯಲ್ಲಿ ಅಕ್ಕಿ ಕೂತು, ಐದು ಗ್ರಾಂ ಉಪ್ಪಿನ ಬದಲು ಸಾರಿಗೆ ಮೂರು ಅಕ್ಕಿ ಬಿದ್ದವು.

5. ಫಲಿತಾಂಶ

ಶ್ರಾವಣದ ಬಿಸಿಲಿಗೆ ಯಂತ್ರ ಒಣಗಿದ ಮೇಲೆ ತೌಲನಿಕ ಅಧ್ಯಯನ ನಡೆಯಿತು. ಹತ್ತು ದಿನ ಯಂತ್ರದ ಉಪ್ಪು, ಹತ್ತು ದಿನ ಅತ್ತೆಯವರ ಕೈಯ ಉಪ್ಪು. ಪ್ರತಿ ಸಲವೂ ಬೀಳುವ ಉಪ್ಪನ್ನು ಮೊದಲು ಕಾಗದಕ್ಕೆ ಹಿಡಿದು, ಚಿನ್ನ ತೂಗುವ ಪುಟ್ಟ ತಕ್ಕಡಿಯಲ್ಲಿ ತೂಗಲಾಯಿತು. ಯಂತ್ರದ ಹತ್ತು ಅಳತೆಗಳೂ ಒಂದೇ. ಹತ್ತು ಸಾರು ಹತ್ತು ಬಗೆ. ಅತ್ತೆಯವರ ಹತ್ತು ಅಳತೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಹತ್ತು ದಿನವೂ ಒಂದೇ ಸಾರು.

ಹುಣಿಸೆಹಣ್ಣು ಹಳೆಯದೋ ಹೊಸದೋ, ಬೇಳೆಕಟ್ಟು ಮಂದವೋ ತೆಳುವೋ, ಉಪ್ಪು ಪುಡಿಯೋ ಕಲ್ಲೋ, ಇದನ್ನೆಲ್ಲ ಯಂತ್ರ ಕೇಳಲಿಲ್ಲ. ಅತ್ತೆಯವರು ಸಾರು ಕುದಿಯುವ ಸದ್ದು ಕೇಳಿದರು, ಹಬೆಗೆ ಮೂಗೊಡ್ಡಿದರು, ಮೂರು ಬೆರಳಲ್ಲಿ ಉಪ್ಪು ಎತ್ತಿದರು. ಆಮೇಲೆ ನಡೆದದ್ದನ್ನು ಸಂಶೋಧಕನು ಬಗ್ಗಿ ನೋಡಿದನು. ಉಪ್ಪು ಬೀಳುವ ಮುನ್ನ ಹೆಬ್ಬೆರಳು ಒಮ್ಮೆ ಉಜ್ಜಿತು. ಒಂದಿಷ್ಟು ಹರಳು ಡಬ್ಬಿಗೇ ಮರಳಿತು. ಮಿಕ್ಕದ್ದು ಸಾರಿಗೆ ಬಿತ್ತು. ಬೆರಳಿಗೆ ಅಂಟಿದ್ದನ್ನು ಕೊನೆಗೆ ಪಾತ್ರೆಯ ಮೇಲೆ ಕೊಡವಿದರು. ಅಂದರೆ ಕೊಸರು ಎರಡು ಬಗೆ: ಹಾಕುವ ಕೊಸರು, ಹಿಂತೆಗೆಯುವ ಕೊಸರು. ಡಬ್ಬಿಗಳ ಶಾಸ್ತ್ರಕ್ಕೆ ಇವೆರಡೂ ಗೊತ್ತಿಲ್ಲ.

ಬಾಹ್ಯ ಪರೀಕ್ಷಕರು ಯಂತ್ರವನ್ನು ಎರಡು ಸುತ್ತು ತಿರುಗಿಸಿ ನೋಡಿ ಮೌಖಿಕ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆ ಕೇಳಿದರು: “ಅಳಿಯಂದ್ರೇ, ಇದು ಉಪ್ಪು ಕೊಡುತ್ತೆ, ಸರಿ. ಜಾಸ್ತಿ ಬಿದ್ದರೆ ವಾಪಸ್ ತಗೊಳ್ಳುತ್ತಾ?”

6. ಸಿದ್ಧಾಂತ

ತಗೊಳ್ಳುವುದಿಲ್ಲ. ಆದ್ದರಿಂದ ಈ ಪ್ರಬಂಧದ ನಿಷ್ಕರ್ಷೆ ಹೀಗಿದೆ: ಉಪ್ಪಿನ ಡಬ್ಬಿಗೆ ಇರಬೇಕಾದದ್ದು ಒಂದೇ ರಂಧ್ರ; ಅದರ ಅಗಲ ಮೂರು ಬೆರಳು ಸಲೀಸಾಗಿ ಇಳಿದು ಹೊರಬರುವಷ್ಟು. ಮುಚ್ಚಳ ಬಿಗಿಯಾಗಿರಲಿ, ಕೈ ಒಣಗಿರಲಿ. ಈ ವಿನ್ಯಾಸಕ್ಕೆ ಪೇಟೆಂಟ್ ಸಿಗುವುದಿಲ್ಲ. ನಮ್ಮ ಅಜ್ಜಿಯ ಉಪ್ಪಿನ ಮರಿಗೆ ಹೀಗೆಯೇ ಇತ್ತು.